ಲಾಟು ನೋಡಿ ತಂದ ಪ್ರೊಸೆಸರ್

ಹೋದ ವಾರ ಚಳ್ಳಕೆರೆಯ ಒಂದು ಕಂಪ್ಯೂಟರ್ ಅಂಗಡಿಯ ಮೆಟ್ಟಿಲ ಮೇಲೆ ನನ್ನ ಒಡಹುಟ್ಟಿದ ತಮ್ಮ ತಿಪ್ಪೇಶ ಒಂದು ಪ್ರೊಸೆಸರ್ ಡಬ್ಬಿಯನ್ನು ಬಿಸಿಲಿಗೆ ಹಿಡಿದುಕೊಂಡು ನಿಂತಿದ್ದ. ಮಧ್ಯಾಹ್ನ ಒಂದು ಗಂಟೆ. ಆ ಹೊತ್ತಿಗೆ ನಮ್ಮೂರಿನ ನಾಯಿಗಳೂ ಎಣ್ಣೆ ಮಿಲ್ಲಿನ ಗೋಡೆಯ ನೆರಳು ಸೇರಿರುತ್ತವೆ. ಇವನು ಮಾತ್ರ ಡಬ್ಬಿಯನ್ನು ಆ ಕಡೆ ತಿರುಗಿಸಿ, ಈ ಕಡೆ ತಿರುಗಿಸಿ, ಒಂದು ಕಣ್ಣು ಮುಚ್ಚಿ ಪರೀಕ್ಷೆ ಮಾಡುತ್ತಿದ್ದ.

ಅಂಗಡಿಯವರು ನನ್ನ ಮುಖ ನೋಡಿದರು. ನಾನು ಎದುರಿನ ಬೇಕರಿಯ ಬೋರ್ಡು ಓದತೊಡಗಿದೆ.

“ಅಕ್ಕಾ, ಇದು ಆಗಲ್ಲ. ಬೇರೆ ಲಾಟು ತೋರ್ಸಾಕೆ ಹೇಳು,” ಅಂದ ತಿಪ್ಪೇಶ.

“ಸಾರ್, ಎಲ್ಲ ಅಸಲಿ ಮಾಲು. ಸೀಲ್ ಐತೆ, ವಾರಂಟಿ ಐತೆ. ಇನ್ನೇನ್ ನೋಡ್ತೀರಿ ಬಿಸಿಲಾಗೆ?” ಅಂಗಡಿಯವರ ದನಿಯಲ್ಲಿ ಕೋಪಕ್ಕಿಂತ ಕುತೂಹಲವೇ ಹೆಚ್ಚಿತ್ತು.

“ಲಾಟು ನೋಡ್ತೀನಿ ಕಣ್ರಿ. ಲಾಟು ನೋಡ್ದೆ ಮಾಲು ತಗೊಳ್ಳೋನು ಮನುಷ್ಯನಾ?”

ನಿಮಗೆ ನಗು ಬಂದಿರಬಹುದು. ಮೊಳಕಾಲ್ಮೂರಿನವರಿಗೆ ಬರುವುದಿಲ್ಲ. ರೇಷ್ಮೆ ಸೀರೆ ನೇಯುವ ಮನೆಗಳಲ್ಲಿ ನೂಲು ಕೊಳ್ಳುವ ಕ್ರಮವೇ ಅದು. ಅಂಗಡಿಯ ಟ್ಯೂಬ್‌ಲೈಟನ್ನು ಯಾರೂ ನಂಬುವುದಿಲ್ಲ. ನೂಲಿನ ಲಡಿಯನ್ನು ಬಾಗಿಲಾಚೆ ತಂದು ಬಿಸಿಲಿಗೆ ಹಿಡಿಯುತ್ತಾರೆ. ಒಂದು ಸಲ ಬಣ್ಣಕ್ಕೆ ಇಟ್ಟ ಪಾತ್ರೆಯಿಂದ ಎದ್ದು ಬಂದ ನೂಲೆಲ್ಲ ಒಂದು ಲಾಟು. ಅದೇ ಬಣ್ಣ, ಅದೇ ನೀರು, ಅದೇ ಕೈ. ಆದರೂ ಮುಂದಿನ ಲಾಟಿನ ಕೆಂಪು ಕಣ್ಣಿಗೆ ತುಸು ಬೇರೆಯೇ ಕಾಣುತ್ತದೆ. ಒಂದೇ ಸೀರೆಗೆ ಎರಡು ಲಾಟಿನ ನೂಲು ಬಿತ್ತೋ, ಮದುವೆ ಮನೆಯಲ್ಲಿ ಹೆಂಗಸರು ದೂರದಿಂದಲೇ ಕಂಡುಹಿಡಿಯುತ್ತಾರೆ.

ಇಂಥ ಮನೆಗಳ ನಡುವೆ ಬೆಳೆದ ನನ್ನ ತಮ್ಮ ಆ ವಿದ್ಯೆಯನ್ನು ಪ್ರೊಸೆಸರಿಗೂ ಹಚ್ಚಿದ. ಡಬ್ಬಿಯ ಮೇಲಿನ ಇರುವೆ ಗಾತ್ರದ ಅಕ್ಷರಗಳಲ್ಲಿ ಯಾವ ವಾರ ತಯಾರಾಯಿತು, ಯಾವ ಕಂತಿನಲ್ಲಿ ಬಂತು ಎಂಬ ಗುರುತು ಇರುತ್ತದಂತೆ. ಒಳ್ಳೆಯ ವಾರದ ಮಾಲು ಸಿಕ್ಕರೆ ಅದೃಷ್ಟ ಅಂತೆ.

(ನನ್ನನ್ನು ಏಕೆ ಕರೆದುಕೊಂಡು ಹೋಗಿದ್ದ ಎಂದಿರಾ? ನಿವೃತ್ತ ಗಣಿತ ಟೀಚರ್ ಪಕ್ಕದಲ್ಲಿ ನಿಂತಿದ್ದರೆ ಅಂಗಡಿಯವರು ಮೋಸ ಮಾಡುವುದಿಲ್ಲ ಎಂಬುದು ಅವನ ನಂಬಿಕೆ. ನನಗೆ ಸಿಕ್ಕ ಏಕೈಕ ಪಿಂಚಣಿಯೇತರ ಸೌಲಭ್ಯ ಇದು.)

ಐದನೆಯ ಡಬ್ಬಿ ಪಾಸಾಯಿತು. ಅಂಗಡಿಯವರು ಬಿಲ್ ಬರೆಯುತ್ತಾ ಒಂದು ಮಾತು ಹೇಳಿದರು. “ಸಾರ್, ಹೇಳ್ತೀನಿ ಅಂತ ಬೇಜಾರಾಗ್ಬೇಡಿ. ಈಗೆಲ್ಲ ಓವರ್‌ಕ್ಲಾಕ್ ಕಂಪನಿಯೋರೇ ಮಾಡಿ ಕಳಿಸ್ತಾರೆ. ನಿಮಗೇನೂ ಬಾಕಿ ಇಟ್ಟಿರಲ್ಲ.”

ತಿಪ್ಪೇಶ ಕರುಣೆಯಿಂದ ನಕ್ಕ. ಏನೂ ತಿಳಿಯದವರನ್ನು ಕಂಡಾಗ ಅವನು ನಗುವುದೇ ಹಾಗೆ. ಮನೆಯಲ್ಲಿ ಆ ನಗುವನ್ನು ಅತಿ ಹೆಚ್ಚು ಸಲ ಕಂಡವಳು ನಾನು.

ಓವರ್‌ಕ್ಲಾಕ್ ಎಂದರೆ ಇಷ್ಟೇ. ಪ್ರೊಸೆಸರಿನ ಮೇಲೆ ಇಷ್ಟು ವೇಗ ಎಂದು ಕಂಪನಿ ಬರೆದಿರುತ್ತದೆ. ಅದಕ್ಕಿಂತ ಹೆಚ್ಚು ಓಡಿಸುವುದು. ಲಗೇಜ್ ಆಟೋಗೆ ಕಾಗದದಲ್ಲಿ ಬರೆದದ್ದಕ್ಕಿಂತ ನಾಲ್ಕು ಮೂಟೆ ಶೇಂಗಾ ಹೆಚ್ಚಿಗೆ ಹೇರಿದ ಹಾಗೆ. (ಪರಶುರಾಂಪುರದ ಕಡೆ ಇದಕ್ಕೆ ಪ್ರತ್ಯೇಕ ಹೆಸರಿಲ್ಲ. ದಿನಾ ಮಾಡುವುದಕ್ಕೆ ಹೆಸರೇಕೆ?)

ತಿಪ್ಪೇಶ ಪಾಲಿಟೆಕ್ನಿಕ್ ಓದುವಾಗ ಹಾಸ್ಟೆಲಿನಲ್ಲಿ ಒಂದು ಅಗ್ಗದ ಪ್ರೊಸೆಸರನ್ನು ಹೀಗೆಯೇ ಓಡಿಸಿದ್ದ. ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿ, ಟೇಬಲ್ ಫ್ಯಾನ್ ಹಚ್ಚಿ, ಬರೆದ ವೇಗದ ಒಂದೂವರೆ ಪಟ್ಟು. ಅಕ್ಕಪಕ್ಕದ ರೂಮಿನವರು ನೋಡಲು ಬಂದಿದ್ದರಂತೆ. ಅವನ ಬದುಕಿನಲ್ಲಿ ಬಂದ ಒಂದೇ ಒಂದು ಫಸ್ಟ್ ಕ್ಲಾಸ್ ಅದು. ಅಲ್ಲಿಂದ ಇಲ್ಲಿಯವರೆಗೆ ನಮ್ಮ ಮನೆಯ ಯಾವ ಸಮಾರಂಭವೂ ಆ ಕಥೆಯಿಲ್ಲದೆ ಮುಗಿದಿಲ್ಲ. ನಾಮಕರಣದಲ್ಲೂ ಹೇಳಿದ್ದಾನೆ, ತಿಥಿಯಲ್ಲೂ ಹೇಳಿದ್ದಾನೆ.

ಇಷ್ಟೆಲ್ಲ ಈಗ ಏಕೆ? ಅದಕ್ಕೊಂದು ಕಾರಣವಿದೆ, ಅದರ ಹೆಸರು ಗಿರಿಜಾ.

ಮೊಳಕಾಲ್ಮೂರಿನಲ್ಲಿ ತಿಪ್ಪೇಶನದೊಂದು ಒಂದೇ ಕೋಣೆಯ ‘ಡಿಸೈನ್ ಸೆಂಟರ್’ ಇದೆ. ಬೋರ್ಡಿನಲ್ಲಿ ಅವನ ಹೆಸರು ದೊಡ್ಡದು, ಕೆಲಸದ ಹೆಸರು ಸಣ್ಣದು. ನೇಕಾರರು ಬಂದು ಅಂಚಿಗೆ ಇಂಥದ್ದು ಬೇಕು, ಸೆರಗಿಗೆ ಅಂಥದ್ದು ಬೇಕು ಎನ್ನುತ್ತಾರೆ. ಅದನ್ನು ಕಂಪ್ಯೂಟರಿನಲ್ಲಿ ಚೌಕ ಚೌಕವಾಗಿ ಬಿಡಿಸಬೇಕು. ಒಂದೊಂದು ಚೌಕವೂ ಒಂದೊಂದು ಎಳೆಯ ಲೆಕ್ಕ: ಏಳಬೇಕೋ, ಮಲಗಬೇಕೋ. ಆಮೇಲೆ ಅದೇ ಪ್ರಕಾರ ರಟ್ಟುಗಳಿಗೆ ತೂತು ಹೊಡೆದು ಮಗ್ಗದ ನೆತ್ತಿಗೆ ಏರಿಸುತ್ತಾರೆ. ಒಂದು ಚೌಕ ತಪ್ಪಿದರೆ ನವಿಲಿನ ಕಣ್ಣು ಕೊಕ್ಕಿನ ಮೇಲೆ ಬಂದು ಕೂರುತ್ತದೆ.

ಈ ಕೆಲಸವನ್ನೆಲ್ಲ ಮಾಡುವವಳು ಗಿರಿಜಾ. ಮೂವತ್ತಾರು ವರ್ಷದ ಹೆಂಗಸು, ಇಬ್ಬರು ಮಕ್ಕಳ ತಾಯಿ. ಪರಶುರಾಂಪುರದ ಹೈಸ್ಕೂಲಿನಲ್ಲಿ ನನ್ನ ವಿದ್ಯಾರ್ಥಿನಿ. ಮೊಳಕಾಲ್ಮೂರಿನ ನೇಕಾರರ ಮನೆಗೆ ಸೊಸೆಯಾಗಿ ಬಂದು ಅತ್ತೆಯಿಂದ ಮಗ್ಗ ಕಲಿತಳು. ಎಂಟು ವರ್ಷದಿಂದ ತಿಪ್ಪೇಶನಲ್ಲಿ ಇದ್ದಾಳೆ. ಅವಳನ್ನು ಅವನು ‘ನಮ್ಮ ಆಪರೇಟರ್’ ಎಂದು ಪರಿಚಯಿಸುತ್ತಾನೆ. ಅವನ ಕೆಲಸವೇನು ಎಂದಿರಾ? ಅವನು ತಿರುಗುವ ಕುರ್ಚಿಯಲ್ಲಿ ಕೂತು ಪ್ರೊಸೆಸರಿನ ಬಿಸಿ ಎಷ್ಟಿದೆ ಎಂದು ಮೊಬೈಲಿನಲ್ಲಿ ನೋಡುತ್ತಾನೆ.

ಒಂದು ತಿಂಗಳ ಹಿಂದೆ ಕೈಮಗ್ಗದ ವಿನ್ಯಾಸಗಳಿಗೊಂದು ಸ್ಪರ್ಧೆಯ ಪ್ರಕಟಣೆ ಬಂತು. ಆಯ್ಕೆಯಾದ ವಿನ್ಯಾಸಕರಿಗೆ ಮೂರು ತಿಂಗಳ ತರಬೇತಿ, ಕೊನೆಗೆ ಪ್ರಮಾಣಪತ್ರ. ಪತ್ರಿಕೆಯ ಮೂಲೆಯಲ್ಲಿದ್ದ ಅದನ್ನು ಕತ್ತರಿಸಿ ತಂದವಳೂ ಗಿರಿಜಾ. ಅವಳಿಗೆ ಬೇಕಾದದ್ದು ಆ ಪ್ರಮಾಣಪತ್ರ. ‘ಈಕೆ ವಿನ್ಯಾಸಕಿ’ ಎಂದು ಬರೆದ ಒಂದು ಕಾಗದ. ಎಂಟು ವರ್ಷ ಎಳೆ ಎಣಿಸಿದವಳಿಗೆ ಅದು ದೊಡ್ಡ ಆಸೆಯೇ?

ಅವಳು ಬಿಡಿಸಿದ್ದು ಶೇಂಗಾ ಬಳ್ಳಿ. ನವಿಲಲ್ಲ, ಮಾವಿನಕಾಯಿಯಲ್ಲ, ಗಂಡಭೇರುಂಡವಲ್ಲ. ಸೆರಗಿನ ಮೇಲರ್ಧದಲ್ಲಿ ಹಸಿರೆಲೆ, ಹಳದಿ ಹೂವು. ನಡುವೆ ಜರಿಯ ಒಂದು ಗೆರೆ, ಅದು ನೆಲ. ಹೂವು ಉದುರಿದ ಜಾಗದಿಂದ ಒಂದು ಸೂಜಿಯಂಥ ಕಾಂಡ ಆ ಗೆರೆ ದಾಟಿ ಮಣ್ಣಿಗಿಳಿಯುತ್ತದೆ, ಕೆಳಗೆ ಕಂದು ನೂಲಿನಲ್ಲಿ ಕಾಯಿ ಕಟ್ಟುತ್ತದೆ. ಅಪ್ಪನ ಹೊಲದಲ್ಲಿ ಬಗ್ಗಿ ಕಳೆ ತೆಗೆದವಳಿಗೆ ಮಾತ್ರ ಹೊಳೆಯುವ ಚಿತ್ರ.

ಹನ್ನೊಂದು ದಿನದ ಕೆಲಸ. ಚಿತ್ರ ದೊಡ್ಡದಾದಂತೆ ಹಳೆಯ ಕಂಪ್ಯೂಟರ್ ತಡವರಿಸತೊಡಗಿತು. ಒಂದು ಎಲೆ ಸರಿಸಿದರೆ ಅದು ಸರಿಯುವಷ್ಟರಲ್ಲಿ ಒಂದು ಲೋಟ ಟೀ ಮುಗಿಯುತ್ತಿತ್ತು. ಗಿರಿಜಾ ಕೇಳಿದ್ದು ಒಂದು ಪೆನ್‌ಡ್ರೈವ್, ಕೆಲಸದ ಇನ್ನೊಂದು ಪ್ರತಿ ಇಟ್ಟುಕೊಳ್ಳಲು.

“ಪೆನ್‌ಡ್ರೈವ್ ಯಾಕೆ? ನನ್ನ ಮಶೀನ್ ಮೇಲೆ ನಂಬಿಕೆ ಇಲ್ವಾ ನಿಂಗೆ?” ಎಂದ ತಿಪ್ಪೇಶ, ಹೊಸ ಪ್ರೊಸೆಸರ್ ತರಲು ಚಳ್ಳಕೆರೆಗೆ ಹೊರಟ. ಅಲ್ಲಿಂದ ಮುಂದಿನದು ನೀವು ಬಿಸಿಲಿನಲ್ಲಿ ನೋಡಿದ್ದೀರಿ.

ಭಾನುವಾರ ನಾನೂ ಅವನ ಜೊತೆ ಮೊಳಕಾಲ್ಮೂರಿಗೆ ಹೋದೆ. “ಬಾರಕ್ಕ, ನಿನ್ನ ಕಣ್ಣಾರೆ ನೋಡು,” ಎಂದು ತಳಕು ಬರುವವರೆಗೂ ಬಸ್ಸಿನಲ್ಲಿ ಹಾಸ್ಟೆಲಿನ ಕಥೆ ಹೇಳಿದ. ತಳಕಿನಲ್ಲಿ ಹತ್ತಿದ ಒಬ್ಬರು ಹಿರಿಯರು ಕೇಳಲು ಸಿಕ್ಕಿದ್ದರಿಂದ ಮತ್ತೆ ಮೊದಲಿನಿಂದ ಶುರುವಾಯಿತು.

ಹೊಸ ಪ್ರೊಸೆಸರ್ ಕೂರಿಸಿದ್ದಾಯಿತು. ಅದರ ನೆತ್ತಿಗೆ ಬಿಸಿ ಎಳೆಯುವ ಬಿಳಿ ಪೇಸ್ಟು ಬಳಿದ. ಮೇಲೆ ಎರಡು ಫ್ಯಾನಿನ ಕೂಲರ್. ಅದೂ ಸಾಲದೆಂದು ಪಕ್ಕದ ತಗಡು ಬಿಚ್ಚಿ ಮನೆಯಿಂದ ಟೇಬಲ್ ಫ್ಯಾನ್ ತಂದಿಟ್ಟ. ಕೋಣೆಯಲ್ಲಿದ್ದ ಮನುಷ್ಯರಿಗೆ ಫ್ಯಾನ್ ಇರಲಿಲ್ಲ. ಗಿರಿಜಾ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಾ ನಿಂತಿದ್ದಳು.

ಆಮೇಲೆ ಸೆಟ್ಟಿಂಗಿನ ಒಳಗೆ ಹೊಕ್ಕು ಎಲ್ಲ ಸಂಖ್ಯೆಗಳನ್ನೂ ಏರಿಸಿದ.

“ಅಣ್ಣ, ಹಂಗೇ ಬಿಟ್ರೆ ಆಗಲ್ವಾ? ಮೊದ್ಲು ಒಂದ್ಸಲ ಇದ್ದಂಗೆ ಓಡ್ಸಿ ನೋಡಣ,” ಎಂದಳು ಗಿರಿಜಾ.

“ನೀನು ಚೌಕ ತುಂಬು. ಇದು ನಂಗೆ ಬಿಡು.”

ಓಡಿತು. ನಿಜಕ್ಕೂ ಓಡಿತು. ತಿಪ್ಪೇಶನ ಎದೆ ಅರ್ಧ ಅಡಿ ಮುಂದೆ ಬಂತು. ಗಿರಿಜಾ ಶೇಂಗಾ ಬಳ್ಳಿ ತೆರೆದಳು. ಎರಡು ಎಲೆ ಸರಿಸಿದಳು. ಒಂದು ಕಾಯಿಗೆ ನೆರಳು ಕೊಟ್ಟಳು. ಅರ್ಧ ಗಂಟೆ ಕಳೆಯಿತು. ಸೇವ್ ಒತ್ತಿದಳು.

ಪರದೆ ನಿಂತಿತು. ನೀಲಿಯಾಯಿತು. ಕಪ್ಪಾಯಿತು.

ಮತ್ತೆ ಶುರು ಮಾಡಿದರೆ ಕಂಪ್ಯೂಟರ್ ಬಂತು, ಬಳ್ಳಿ ಬರಲಿಲ್ಲ. ಕಡತ ಇತ್ತು, ತೆರೆಯಲಿಲ್ಲ. ಮೂರು ಥರ ತೆರೆದು ನೋಡಿದರು. ಪರದೆಯ ತುಂಬ ಅರ್ಥವಿಲ್ಲದ ಬಣ್ಣದ ಚೌಕಗಳು. ಬರೆಯುವ ಹೊತ್ತಿಗೆ ಸರಿಯಾಗಿ ಪ್ರೊಸೆಸರ್ ಎಡವಿತ್ತು, ಬರೆದದ್ದೆಲ್ಲ ಕಲಸಿಹೋಗಿತ್ತು. ಹನ್ನೊಂದು ದಿನ. ಅರ್ಜಿ ಸಲ್ಲಿಸಲು ಉಳಿದದ್ದು ಗುರುವಾರದವರೆಗೆ, ಅಂದರೆ ನಾಲ್ಕು ದಿನ.

ಗಿರಿಜಾ ಅಳಲಿಲ್ಲ. ಕೂಗಲಿಲ್ಲ. ಮಣೆಯಂಥ ಒಂದು ಸ್ಟೂಲಿನ ಮೇಲೆ ಕೂತು ಎರಡು ಕೈಯನ್ನೂ ತೊಡೆಯ ಮೇಲಿಟ್ಟುಕೊಂಡು ಪರದೆ ನೋಡುತ್ತಿದ್ದಳು. ತಿಪ್ಪೇಶ ಹೇಳಿದ್ದೇನು ಗೊತ್ತೇ?

“ಲಾಟು ಸರಿ ಇಲ್ಲ. ಆ ಅಂಗಡಿಯೋನು ಬೇರೆ ಕಂತಿಂದು ಕೊಟ್ಟವ್ನೆ.”

ಅಂಗಡಿಯವರ ಮೇಲೆ ಜಗಳಕ್ಕೆಂದು ಫೋನ್ ಹಿಡಿದು ಹೊರಗೆ ಹೋದ. ಅವನು ಬಾಗಿಲು ದಾಟಿದ್ದೇ ತಡ, ಗಿರಿಜಾ ಎದ್ದು ಅವನ ಕುರ್ಚಿಯಲ್ಲಿ ಕೂತಳು. ಸೆಟ್ಟಿಂಗಿಗೆ ಹೋದಳು. ಅವನು ಏರಿಸಿದ್ದನ್ನೆಲ್ಲ ಒಂದೇ ಗುಂಡಿಯಲ್ಲಿ ಮೊದಲಿನಂತೆ ಮಾಡಿದಳು. ಹಳೆಯದೊಂದು ನವಿಲಿನ ಸೆರಗು ತೆರೆದು ಎಲ್ಲವನ್ನೂ ಎಳೆದಾಡಿದಳು. ನನ್ನ ಕಣ್ಣಿಗೇ ಗೊತ್ತಾಯಿತು. ತಿಪ್ಪೇಶ ಓಡಿಸಿದ್ದಕ್ಕಿಂತ ಇದೇ ಚುರುಕು.

“ಇದೆಂಥದ್ದೇ?” ಎಂದೆ.

“ಒಳಗೆ ಎಂಟು ಜನ ಕೆಲಸದೋರು ಅವ್ರೆ ಅಂತ ಇಟ್ಕಳ್ಳಿ ಟೀಚರ್. ನಮ್ಮ ಸಾಫ್ಟ್‌ವೇರ್ ಹಳೇದು, ಒಬ್ನ ಕೈಲೇ ಎಲ್ಲ ಮಾಡ್ಸೋದು. ಇದ್ದಂಗೇ ಬಿಟ್ರೆ ಮಿಕ್ಕಿದೋರು ಸುಮ್ಕೆ ಕುಂತ್ಕಂತಾರೆ, ಆ ಒಬ್ನು ಜೋರಾಗಿ ಓಡ್ತಾನೆ. ಅಣ್ಣ ಎಂಟೂ ಜನಕ್ಕೆ ಒಂದೇ ವೇಗ ಕಟ್ಟಿದ್ರು. ಓಡೋನ ಕಾಲೂ ಕಟ್ಟಿದಂಗಾತು, ಬಿಸೀನೂ ಏರ್ತು.”

ಅಂದರೆ ನನ್ನ ತಮ್ಮ ಅಷ್ಟೆಲ್ಲ ಏರಿಸಿ ಮಾಡಿದ್ದು ಇಳಿಸುವ ಕೆಲಸ.

“ಮತ್ತೆ ಆ ಹಾಸ್ಟೆಲಿಂದು? ಅದು ಓಡಿತ್ತಲ್ಲ?”

“ಅದು ನಿಜಾನೇ ಓಡಿರ್ತೈತೆ ಟೀಚರ್. ಆವಾಗ ಹಂಗಿತ್ತು. ಹೊಸ ಥರದ ಪ್ರೊಸೆಸರ್ ಚಿಪ್ಪು ಮಾಡಾಕೆ ಶುರು ಮಾಡಿದಾಗ ಫ್ಯಾಕ್ಟರಿಯೋರಿಗೂ ಕೈ ಕುಂತಿರಲ್ಲ. ಕೆಲವು ಚೆನ್ನಾಗಿ ಬರ್ತಾವೆ, ಕೆಲವು ಸಾಧಾರಣ. ಚೆನ್ನಾಗಿರೋದಕ್ಕೆ ದೊಡ್ಡ ನಂಬರು, ಸಾಧಾರಣದ್ದಕ್ಕೆ ಸಣ್ಣ ನಂಬರು. ಬರ್ತಾ ಬರ್ತಾ ಕೈ ಕುಂದ್ರುತೈತೆ. ಎಲ್ಲಾನೂ ಚೆನ್ನಾಗೇ ಬರಾಕೆ ಹಿಡಿತಾವೆ. ಆದ್ರೆ ಪ್ಯಾಟೇಲಿ ಸಣ್ಣ ನಂಬರೇ ಕೇಳೋರು ಜಾಸ್ತಿ. ಏನ್ ಮಾಡ್ತಾರೆ? ಚೆನ್ನಾಗಿರೋದಕ್ಕೇ ಸಣ್ಣ ನಂಬರು ಹೊಡ್ದು ಕಳಿಸ್ತಾರೆ. ಅಂಥದ್ದು ಅಣ್ಣಂಗೆ ಸಿಕ್ಕಿತ್ತು. ಅದ್ರೊಳಗೆ ಓಡೋ ಶಕ್ತಿ ಮೊದ್ಲೇ ಇತ್ತು.”

“ಈಗ?”

“ಈಗ ಇನ್ನೂ ಹುಷಾರಾಗವ್ರೆ. ಒಂದೊಂದನ್ನೂ ಪರೀಕ್ಷೆ ಮಾಡಿ, ಇದು ಎಲ್ಲಿ ತಂಕ ತಡಿತೈತೆ ಅಂತ ಅವ್ರೇ ಅಲ್ಲಿ ತಂಕ ಓಡಿಸ್ತಾರೆ. ಬಿಸಿ ಎಷ್ಟೈತೆ ಅಂತ ಅದೇ ನೋಡ್ಕಂಡು ಹೆಚ್ಚು ಕಮ್ಮಿ ಮಾಡ್ಕಂತೈತೆ. ನಮಗೆ ಅಂತ ಉಳಿಸಿರೋದು ಒಂದ್ ಚೂರು. ಆ ಚೂರು ಬೇಕು ಅಂದ್ರೆ ಕರೆಂಟು ರಾಶಿ ಕೊಡ್ಬೇಕು, ಬಿಸಿ ರಾಶಿ ಆಗ್ತೈತೆ. ಅದ್ರಾಗೂ ನಮ್ಮೂರ ಬಿಸಿಲು.”

“ಇದೆಲ್ಲ ಯಾರೇ ಹೇಳಿದ್ರು ನಿಂಗೆ?”

“ಯೂಟ್ಯೂಬ್‌ನಾಗೆ ಐತಲ್ಲ ಟೀಚರ್. ಅಣ್ಣ ಬರೀ ಕೊನೇ ಐದು ನಿಮಿಷ ನೋಡ್ತಾರೆ.”

ಮೂವತ್ತೊಂದು ವರ್ಷ ಪಾಠ ಮಾಡಿದ್ದೇನೆ. ಇಷ್ಟು ಸಲೀಸಾಗಿ ಒಂದು ವಿಷಯವನ್ನು ನಾನು ಯಾವತ್ತಾದರೂ ಬಿಡಿಸಿ ಹೇಳಿದ್ದೆನೇ?

ಬಸ್ಸಿನಲ್ಲಿ ವಾಪಸು ಬರುವಾಗ ಇದೇ ತಲೆಯಲ್ಲಿ ಕೊರೆಯುತ್ತಿತ್ತು. ಎಂಥ ಚೆಂದದ ಪ್ರಗತಿ ನೋಡಿ. ತಯಾರಿಕೆ ಸುಧಾರಿಸಿದಷ್ಟೂ ಚಿಪ್ಪಿನೊಳಗೆ ಶಕ್ತಿ ಹೆಚ್ಚಿತು. ಆ ಹೆಚ್ಚಳ ಸ್ವಲ್ಪ ಕಾಲ ನಮ್ಮಂಥವರ ಕೈಗೆ ಸೋರಿತು. ಕಂಪನಿಗೆ ಅದು ಗೊತ್ತಾಯಿತು. ಇನ್ನಷ್ಟು ಸುಧಾರಿಸಿತು, ಸೋರಿಕೆ ನಿಂತಿತು. ಈಗ ಡಬ್ಬಿಯ ಮೇಲೆ ‘ಓವರ್‌ಕ್ಲಾಕ್ ಮಾಡಬಹುದು’ ಎಂಬ ಅಕ್ಷರವನ್ನು ಮಾತ್ರ ಮಾರುತ್ತಾರೆ. ಕೊಂಡವರಿಗೆ ಮಾಡಬಹುದು ಎಂಬ ಸಮಾಧಾನ, ಮಾರಿದವರಿಗೆ ಮಾಡಿದ್ದೇವೆ ಎಂಬ ಸಮಾಧಾನ.

ಇದು ಚಿಪ್ಪಿನ ಕಥೆ ಮಾತ್ರ ಎಂದುಕೊಂಡಿರಾ? ನಮ್ಮ ನೆಂಟರ ಹುಡುಗಿಯೊಬ್ಬಳು ಖಾಸಗಿ ಶಾಲೆಯಲ್ಲಿ ಟೀಚರ್. ಮೊದಲು ಪಾಠ ಮಾಡುತ್ತಿದ್ದಳು. ಈಗ ಪಾಠ, ಪಾಠದ ವಿಡಿಯೋ, ಮಕ್ಕಳನ್ನು ಬಸ್ಸಿಗೆ ಹತ್ತಿಸುವುದು, ಪೋಷಕರ ವಾಟ್ಸಾಪ್ ಗ್ರೂಪು, ಅದರಲ್ಲಿ ಬೆಳಿಗ್ಗೆ ಶುಭೋದಯ. ವರ್ಷಕ್ಕೊಮ್ಮೆ ಅವಳು ಎಷ್ಟು ತಡೆಯುತ್ತಾಳೆ ಎಂದು ಅಳೆದು, ಮುಂದಿನ ವರ್ಷ ಅಲ್ಲಿಂದಲೇ ಶುರು ಮಾಡುತ್ತಾರೆ. ಅದಕ್ಕೆ ‘ಪೂರ್ಣ ಸಾಮರ್ಥ್ಯದ ಬಳಕೆ’ ಎಂದು ಹೆಸರು. ಹಿಂದಿನ ಕಾಲದ ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬರು ಸ್ವೆಟರ್ ಹೆಣೆಯುತ್ತಿದ್ದರು, ಒಬ್ಬರು ಮಲಗುತ್ತಿದ್ದರು. ಅದು ಸೋಮಾರಿತನ ಎಂದು ಬೈಯುತ್ತಿದ್ದೆ. ಈಗ ಅನಿಸುತ್ತದೆ, ಅದು ಬಿಸಿ ಇಳಿಯಲು ಬಿಟ್ಟ ಜಾಗ.

ಇನ್ನೊಂದು ವಿಷಯಕ್ಕೆ ಮಾತ್ರ ನನಗೆ ನಿಜವಾಗಿ ಸಿಟ್ಟು ಬಂತು. ಒಳಗೆ ಒಳ್ಳೆಯ ಮಾಲಿದೆ ಎಂದು ಗೊತ್ತಿದ್ದೂ ಸಣ್ಣ ನಂಬರು ಹೊಡೆಯುವುದು. ಪೇಟೆಗೆ ಅಗ್ಗದ್ದು ಬೇಕು ಎಂಬ ಒಂದೇ ಕಾರಣಕ್ಕೆ. ನಾನು ಮೂವತ್ತೊಂದು ವರ್ಷ ಉತ್ತರ ಪತ್ರಿಕೆ ತಿದ್ದಿದವಳು. ಅರ್ಧ ಅಂಕವನ್ನೂ ಯಾರಿಗೂ ಕಡಿಮೆ ಹಾಕಿದವಳಲ್ಲ. ಇಂಥ ಅನ್ಯಾಯಕ್ಕೆ ಕೈ ಹೇಗೆ ಬರುತ್ತದೆ ಎಂದು ಬಸ್ಸಿನ ಕಿಟಕಿಗೆ ತಲೆಯಾನಿಸಿಕೊಂಡು ಧರ್ಮಬದ್ಧವಾಗಿ ಕೋಪಿಸಿಕೊಂಡೆ.

ಗಿರಿಜಾ ಏನು ಮಾಡಿದಳು? ಮತ್ತೆ ಬಿಡಿಸಿದಳು. ಮಗನ ಚೌಕುಳಿ ಪುಸ್ತಕದಲ್ಲಿ ಬರೆದಿಟ್ಟ ಒಂದಿಷ್ಟು ಹೂವು, ಎಲೆಗಳ ಲೆಕ್ಕ ಇತ್ತಂತೆ. ಮಿಕ್ಕದ್ದು ತಲೆಯಲ್ಲಿ. ಅತ್ತೆ ಅಡುಗೆ ನೋಡಿಕೊಂಡರು, ಗಂಡ ಮಕ್ಕಳನ್ನು ನೋಡಿಕೊಂಡ. ಬುಧವಾರ ಸಂಜೆಗೆ ಶೇಂಗಾ ಬಳ್ಳಿ ಮತ್ತೆ ಎದ್ದು ನಿಂತಿತು. ಹನ್ನೊಂದು ದಿನದ್ದು ಮೂರೂವರೆ ದಿನದಲ್ಲಿ. ಕಾಯಿಗಳು ಮೊದಲಿಗಿಂತ ತುಂಬಿಕೊಂಡಿದ್ದವು. ಈ ಸಲ ಅವಳದೇ ಪೆನ್‌ಡ್ರೈವಿನಲ್ಲಿ ಎರಡು ಪ್ರತಿ.

ಆ ಕೋಣೆಯಲ್ಲಿ ಬರೆದದ್ದಕ್ಕಿಂತ ಹೆಚ್ಚು ಓಡಿದ್ದು ಯಾರು ಎಂದು ಲಾಟು ನೋಡಿ ಪ್ರೊಸೆಸರ್ ತಂದವನಿಗೆ ಹೊಳೆಯಲಿಲ್ಲ. ಅವನು ಎಲ್ಲರಿಗೂ ಫೋನ್ ಮಾಡಿ, “ಹೊಸ ಪ್ರೊಸೆಸರ್ ಹಾಕ್ದೆ ನೋಡು, ಹನ್ನೊಂದು ದಿನದ ಕೆಲ್ಸ ಮೂರು ದಿನಕ್ಕಾತು” ಎನ್ನುತ್ತಿದ್ದ. ನನಗೂ ಬಂತು ಆ ಫೋನ್. ಕೊನೆಗೆ ಹೇಳಿದ, “ಅಕ್ಕಾ, ನಾಳೆ ಬಾ. ಅರ್ಜಿ ಕೈಯಾಗೆ ತುಂಬಬೇಕು. ನಿನ್ನ ಅಕ್ಷರ ಚೆನ್ನಾಗೈತೆ.”

ಗುರುವಾರ ಬೆಳಿಗ್ಗೆ ಹೋದೆ. ಮೇಜಿನ ಮೇಲೆ ಅರ್ಜಿ. ನಾನು ಕನ್ನಡಕ ಹಾಕಿಕೊಂಡೆ. ಎದುರಿಗೆ ತಿರುಗುವ ಕುರ್ಚಿಯಲ್ಲಿ ತಿಪ್ಪೇಶ. ಬಾಗಿಲ ಪಕ್ಕ ಗಿರಿಜಾ, ಬಣ್ಣದ ಪ್ರಿಂಟನ್ನು ಸುರುಳಿ ಸುತ್ತಿ ಹಿಡಿದುಕೊಂಡಿದ್ದಳು.

ಮೊದಲನೆಯ ಸಾಲು: ವಿನ್ಯಾಸಕರ ಹೆಸರು.

“ನಂದೇ ಬರಿ,” ಅಂದ ತಿಪ್ಪೇಶ.

ನಾನು ಕನ್ನಡಕದ ಮೇಲಿನಿಂದ ನೋಡಿದೆ.

“ಏನಕ್ಕ ಹಂಗ್ ನೋಡ್ತೀಯಾ? ಬೋರ್ಡು ನಂದು. ಮಶೀನು ನಂದು. ಪ್ರೊಸೆಸರು ನಂದು, ಬಿಸಿಲಾಗೆ ನಿಂತು ಆರಿಸಿದ್ದು ನಾನು.”

“ಬಳ್ಳಿ ಬಿಡಿಸಿದ್ದು ಯಾರ್ಲೇ?”

“ಅವಳು ಆಪರೇಟರ್ ಅಕ್ಕ. ಆಪರೇಟರ್ ಹೆಸರು ಯಾರು ಹಾಕ್ತಾರೆ?”

ಗಿರಿಜಾ ನೆಲ ನೋಡುತ್ತಿರಲಿಲ್ಲ. ನನ್ನ ಪೆನ್ನನ್ನು ನೋಡುತ್ತಿದ್ದಳು. ಪ್ರಿಂಟಿನ ಸುರುಳಿ ಅವಳ ಕೈಯಲ್ಲಿ ಬಿಗಿಯಾಗುತ್ತಾ ಇತ್ತು.

ನಾನು ಬರೆದೆ. ದುಂಡಗೆ, ಬಿಡಿಸಿ, ಕಪ್ಪು ಹಲಗೆಯ ಮೇಲೆ ಬರೆಯುವಂತೆ. ಗಿರಿಜಾ.

ತಿಪ್ಪೇಶ ಬಗ್ಗಿ ಓದಿದ. ಮುಖ ಕೆಂಪಾಯಿತು. “ನೀನು ನಮ್ಮವ್ವನ ಮಗಳಾ ಅವ್ಳ ಅಕ್ಕನಾ?” ಎಂದು ಕೇಳಿ ಎದ್ದು ಹೋದ. (ಈ ಅಂಕಣ ಬರೆಯುವ ಹೊತ್ತಿನವರೆಗೆ ಅವನಿಂದ ಫೋನ್ ಬಂದಿಲ್ಲ. ಹಾಸ್ಟೆಲ್ ಕಥೆ ಕೇಳದೆ ಕಳೆದ ಅತಿ ದೀರ್ಘ ಅವಧಿ ಇದೇ ಇರಬೇಕು.)

ನನಗೆ ನನ್ನ ಬಗ್ಗೆಯೇ ಅಭಿಮಾನ ಉಕ್ಕಿ ಬಂತು. ಒಡಹುಟ್ಟಿದವನನ್ನೂ ಎದುರು ಹಾಕಿಕೊಂಡೆನಲ್ಲ, ನ್ಯಾಯ ಎಂದರೆ ಇದು. ಸಣ್ಣ ನಂಬರು ಹೊಡೆದವರ ಕಾಲದಲ್ಲಿ ನಾನೊಬ್ಬಳು ಸರಿಯಾದ ನಂಬರು ಬರೆದೆ. ಈ ವಾರದ ಅಂಕಣವನ್ನು ಇಲ್ಲಿಗೇ ಮುಗಿಸಬೇಕೆಂದು ಆಗಲೇ ತೀರ್ಮಾನ ಮಾಡಿಬಿಟ್ಟಿದ್ದೆ.

ಎರಡನೆಯ ಸಾಲು: ವಿದ್ಯಾರ್ಹತೆ.

“ಏನು ಬರೀಲೇ ಗಿರಿಜಾ?”

“ಎಸ್ಸೆಸ್ಸೆಲ್ಸಿ. ಆಮೇಲೆ ಹೊಲಿಗೆ ತರಬೇತಿ, ಆರು ತಿಂಗಳು.”

ಬರೆಯಲು ಹೋದವಳು ಪೆನ್ ಎತ್ತಿ, ಟೀಚರಿನ ಅಕ್ಕರೆಯಿಂದಲೇ ಕೇಳಿದೆ. “ಅಲ್ವೇ, ಗಣಿತದಲ್ಲಿ ಅಷ್ಟು ಚುರುಕಾಗಿದ್ದೆ ನೀನು. ಕ್ಲಾಸಿಗೇ ಮೊದಲು ಲೆಕ್ಕ ಬಿಡಿಸ್ತಿದ್ದೆ. ಪಿಯುಸಿಗೆ ಯಾಕೆ ಸೇರಲಿಲ್ಲ?”

ಗಿರಿಜಾ ಪ್ರಿಂಟಿನ ಸುರುಳಿಯನ್ನು ಮೇಜಿನ ಮೇಲಿಟ್ಟು ನಿಧಾನವಾಗಿ ಬಿಡಿಸಿದಳು. ಮೂಲೆ ಮಡಚದಂತೆ ಅದರ ಮೇಲೆ ಸ್ಟೇಪ್ಲರ್ ಇಟ್ಟಳು. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

“ನಮ್ಮಪ್ಪ ಪಿಯುಸಿಗೆ ಸೇರಿಸ್ಲಾ ಅಂತ ಕೇಳಾಕೆ ಸ್ಕೂಲಿಗೆ ಬಂದಿದ್ನಲ್ಲ ಟೀಚರ್. ‘ಹೊಲಿಗೆ ಕಲಿಸ್ರಿ, ಇವಳಿಗೆ ಅಷ್ಟು ಸಾಕು’ ಅಂದಿದ್ದು ನೀವೇ ಅಲ್ವಾ?”